ಬಟ್ಟಲು ನಾಣ್ಯ, ಅಳಿಸಿದ ಅಕ್ಷರ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೈಜಾಂಟೈನ್, ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ (ಇಂದಿನ ಇಸ್ತಾಂಬುಲ್) ಆಳಿದ ಪೂರ್ವ ರೋಮನ್ ಸಾಮ್ರಾಜ್ಯದ ನಾಣ್ಯಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊನೆಯ ಕಾಲದ ನಾಣ್ಯಗಳ ಕುರಿತೇ ಇವೆ. ಆಶ್ಚರ್ಯವೇನಿಲ್ಲ. ಅಗ್ಗಕ್ಕೆ ಸಿಗುವುದೂ ಅವೇ, ತಲೆ ತಿನ್ನುವುದೂ ಅವೇ. ಇಲ್ಲಿ ‘ಕೊನೆಯ ಕಾಲ’ ಎಂದರೆ 1ನೇ ಅಲೆಕ್ಸಿಯಸ್ ಕೊಮ್ನೆನಸ್ 1092ರಲ್ಲಿ ನಾಣ್ಯ ಪದ್ಧತಿಯನ್ನೇ ಹೊಸದಾಗಿ ಕಟ್ಟಿದಲ್ಲಿಂದ 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗುವವರೆಗೆ.

ಪ್ರಶ್ನೆ: ಹರಾಜಿನಲ್ಲಿ ಹನ್ನೆರಡು ನಾಣ್ಯಗಳ ಒಂದು ಲಾಟ್ ಕೊಂಡೆ. ಎಲ್ಲವೂ ಕಪ್ಪಗಿವೆ, ಬಟ್ಟಲಿನಂತೆ ಬಾಗಿವೆ. ವಿವರದಲ್ಲಿ ‘ಬೈಜಾಂಟೈನ್ ಸ್ಕೈಫೇಟ್’ ಎಂದಷ್ಟೇ ಇದೆ. ಒಂದರಲ್ಲೂ ಹೆಸರು ಓದಲು ಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೆಸರಿನಿಂದಂತೂ ಬೇಡ. ಈ ನಾಣ್ಯಗಳಲ್ಲಿ ಅಕ್ಷರ ಪೂರ್ತಿ ಬಿದ್ದಿರುವುದೇ ಅಪರೂಪ. ಅಚ್ಚಿನಲ್ಲಿ ಇದ್ದರೂ ಬಿಲ್ಲೆಯ ಅಂಚಿನಿಂದ ಆಚೆ ಹೋಗಿರುತ್ತದೆ. ಅಕ್ಷರ ಹುಡುಕುತ್ತ ಕೂತವರು ಇಲ್ಲದ ಅಕ್ಷರವನ್ನೂ ಕಾಣತೊಡಗುತ್ತಾರೆ.

ಮೊದಲು ತೂಕ ಮತ್ತು ಅಗಲ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಮಿಲಿಮೀಟರ್ ಅಳತೆಯ ಕ್ಯಾಲಿಪರ್ ಸಾಕು. ಕೊಮ್ನೆನಸ್ ಮತ್ತು ಆಂಜೆಲಸ್ ವಂಶದ, ಅಂದರೆ ಸುಮಾರು 1204ರವರೆಗಿನ ಬಿಲ್ಲನ್ ಟ್ರೇಕಿಗಳು ಕತ್ತರಿಸದೆ ಉಳಿದಿದ್ದರೆ ಸಾಮಾನ್ಯವಾಗಿ 25ರಿಂದ 30 ಮಿಮೀ ಅಗಲ, 3ರಿಂದ 4.5 ಗ್ರಾಂ ತೂಗುತ್ತವೆ. (ಟ್ರೇಕಿ ಎನ್ನುವುದು ಈ ಬಟ್ಟಲು ನಾಣ್ಯದ ನಿಜವಾದ ಹೆಸರು. ಗ್ರೀಕಿನಲ್ಲಿ ‘ಒರಟು, ಸಮವಲ್ಲದ’ ಎಂಬ ಅರ್ಥ. ವ್ಯಾಪಾರಿಗಳು ಬಳಸುವ ‘ಸ್ಕೈಫೇಟ್’ ಹಳೆಯ ದಾಖಲೆಯ ಪದವೊಂದನ್ನು ತಪ್ಪಾಗಿ ಅರ್ಥಮಾಡಿಕೊಂಡು ಬಂದದ್ದು. ಬಿಲ್ಲನ್ ಎಂದರೆ ಬೆಳ್ಳಿಯ ಸೋಂಕಷ್ಟೇ ಇರುವ ತಾಮ್ರ.) 15ರಿಂದ 20 ಮಿಮೀ, ಒಂದೂವರೆ ಗ್ರಾಂ ಆಸುಪಾಸಿನವಿದ್ದರೆ ಅವನ್ನು ಬೇರೆ ಗುಂಪಿಗೆ ಹಾಕಿ. ಅವುಗಳ ಕತೆ ಮುಂದಿನ ಪತ್ರದಲ್ಲಿದೆ.

ಆಮೇಲೆ ನಾಣ್ಯವನ್ನು ಸರಿಯಾಗಿ ತಿರುಗಿಸಿ. ಉಬ್ಬಿದ ಬದಿಯೇ ಮುಮ್ಮುಖ. ಅಲ್ಲಿ ಕ್ರಿಸ್ತ, ಮಾತೆ ಮರಿಯ ಅಥವಾ ಸಂತ. ಕುಳಿಯಾದ ಬದಿ ಹಿಮ್ಮುಖ. ಅಲ್ಲಿ ಚಕ್ರವರ್ತಿ. ದೀಪವನ್ನು ಮೇಲಿನಿಂದ ಹಾಕಬೇಡಿ. ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಒಂದು ಬದಿಯಿಂದ ಓರೆಯಾಗಿ ಬೀಳುವಂತೆ ಮಾಡಿ ನಾಣ್ಯವನ್ನು ನಿಧಾನಕ್ಕೆ ಸುತ್ತಿಸಿ. ಸವೆದ ಗೆರೆ ಮೇಲೆದ್ದು ಕಾಣುವುದು ಈ ಬೆಳಕಿನಲ್ಲೇ.

ಈಗ ನಾಲ್ಕು ಸಂಗತಿ ನೋಡಿ. ಮುಮ್ಮುಖದ ಆಕೃತಿ ಕೂತಿದೆಯೋ, ನಿಂತಿದೆಯೋ, ಎದೆಯವರೆಗಷ್ಟೇ ಇದೆಯೋ? ಹಿಮ್ಮುಖದಲ್ಲಿ ಒಬ್ಬರೋ ಇಬ್ಬರೋ? ಚಕ್ರವರ್ತಿಯ ಕೈಯಲ್ಲಿ ಏನಿದೆ? ಮೈಮೇಲಿನ ಬಟ್ಟೆ ಯಾವುದು? ಬಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ರತ್ನದ ಚೌಕಗಳಿರುವ ಉದ್ದ ಪಟ್ಟಿಯನ್ನು ಮೈಗೆ ಸುತ್ತಿ ತುದಿಯನ್ನು ಎಡ ಮುಂಗೈ ಮೇಲೆ ಇಳಿಬಿಟ್ಟಿದ್ದರೆ ಅದು ಲೋರಸ್. ಹೆಗಲ ಬಳಿ ಕೊಂಡಿ ಹಾಕಿದ ಮೇಲಂಗಿಯಾದರೆ ಕ್ಲಮಿಸ್. ಕೈಯಲ್ಲಿರುವುದು ಶಿಲುಬೆ ಹೊತ್ತ ಗೋಳವೋ, ಶಿಲುಬೆಯ ರಾಜದಂಡವೋ, ಚೌಕದ ಬಾವುಟದಂತಿರುವ ಲಬಾರಮ್ಮೋ, ಅಥವಾ ಬಟ್ಟೆಯ ಸುರುಳಿಯಂತೆ ಕಾಣುವ ಅಕಾಕಿಯಾವೋ ನೋಡಿ. ಈ ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಹೆಸರಿಲ್ಲದೆಯೂ ಅರಸನನ್ನು ಹಿಡಿಯಬಹುದು.

ಇಂಥ ಲಾಟ್‌ಗಳಲ್ಲಿ ಮತ್ತೆ ಮತ್ತೆ ಸಿಗುವ ಕೆಲವನ್ನು ಹೇಳಿಬಿಡುತ್ತೇವೆ. ಸಿಂಹಾಸನದ ಮೇಲೆ ಕೂತ ಮರಿಯ, ಹಿಂದೆ ಒಬ್ಬನೇ ನಿಂತ ಚಕ್ರವರ್ತಿ, ಅವನ ಮೇಲ್ಭಾಗದಲ್ಲಿ ಮೂಲೆಯಿಂದ ಇಳಿದು ಬರುವ ಪುಟ್ಟ ಕೈ: 2ನೇ ಐಸಾಕ್ ಆಂಜೆಲಸ್ (1185–1195). ಆ ಕೈ ದೇವರದು. ಅದು ಅಳಿಸಿದ್ದರೆ ಚಕ್ರವರ್ತಿಯ ಕೈ ನೋಡಿ. ಐಸಾಕನಿಗೆ ಶಿಲುಬೆಯ ದಂಡ ಮತ್ತು ಅಕಾಕಿಯಾ. ಇದೇ ಚಿತ್ರದಲ್ಲಿ ಲಬಾರಮ್ ಮತ್ತು ಗೋಳ ಹಿಡಿದಿದ್ದರೆ 1ನೇ ಮ್ಯಾನುಯೆಲ್ (1143–1180). ಚಕ್ರವರ್ತಿಯ ಗಡ್ಡ ನಡುವೆ ಸೀಳಿ ಎರಡು ಮೊನೆಯಾಗಿದ್ದು, ಪಕ್ಕದಲ್ಲಿ ಕ್ರಿಸ್ತ ಕಿರೀಟ ತೊಡಿಸುತ್ತಿದ್ದರೆ ಅದು 1ನೇ ಆಂಡ್ರೊನಿಕಸ್ (1183–1185), ಸಿಯರ್ ಎಂಬ ನಾಣ್ಯಪಟ್ಟಿಯಲ್ಲಿ ಇದರ ಸಂಖ್ಯೆ 1985. ಎರಡೇ ವರ್ಷ ಆಳಿದವನು, ಪಟ್ಟಕ್ಕೆ ಬಂದಾಗಲೇ ಅರವತ್ತು ದಾಟಿತ್ತು. ಆ ಗಡ್ಡವೇ ಅವನ ಸಹಿ. ಮುಮ್ಮುಖದಲ್ಲಿ ಗಡ್ಡವಿಲ್ಲದ ಎಳೆಯ ಕ್ರಿಸ್ತನ ಎದೆಮಟ್ಟದ ಚಿತ್ರ, ಹಿಂದೆ ಕಿರೀಟಧಾರಿಗಳಿಬ್ಬರು ನಡುವೆ ಶಿಲುಬೆ ಗೋಳ ಹಿಡಿದಿದ್ದರೆ 3ನೇ ಅಲೆಕ್ಸಿಯಸ್ (1195–1203). ಜೊತೆಗಿರುವವನು ಸಂತ ಕಾನ್‌ಸ್ಟಂಟೈನ್. ನಿಮ್ಮ ಹನ್ನೆರಡರಲ್ಲಿ ಈ ನಾಲ್ವರ ಪೈಕಿ ಯಾರಾದರೂ ಇದ್ದೇ ಇರುತ್ತಾರೆ.

ಹೊಂದಿಸಿ ನೋಡಲು ಎರಡು ಪಟ್ಟಿಗಳು ರೂಢಿಯಲ್ಲಿವೆ. ಸಿಯರ್ ಸಂಖ್ಯೆ ಮಾರಾಟಗಾರರ ಆಡುಭಾಷೆ. ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಗ್ರಹದ ಪಟ್ಟಿಯಲ್ಲಿ 4ನೇ ಸಂಪುಟ 1081ರಿಂದ 1261ಕ್ಕೆ, 5ನೆಯದು 1258ರಿಂದ 1453ಕ್ಕೆ. ಇದರಲ್ಲಿ ಒಂದೇ ಮಾದರಿಯನ್ನು ಚಕ್ರವರ್ತಿಯ ಕೊರಳಪಟ್ಟಿ ಮತ್ತು ಲೋರಸ್ಸಿನ ಮೇಲಿನ ಚುಕ್ಕಿ ಎಣಿಸಿ ಉಪಪ್ರಭೇದಗಳಾಗಿ ಒಡೆದಿದ್ದಾರೆ. ಸವೆದ ನಾಣ್ಯದಲ್ಲಿ ಚುಕ್ಕಿ ಎಣಿಸಲು ಹೋಗಬೇಡಿ. ಮಾದರಿ ತಿಳಿದರೆ ಸಾಕು.

ಪ್ರಶ್ನೆ: 18 ಮಿಮೀ, 1.4 ಗ್ರಾಂ ತೂಗುವ ಬಟ್ಟಲು ನಾಣ್ಯವನ್ನು ‘ಅಂಚು ಕತ್ತರಿಸಿದ ಮ್ಯಾನುಯೆಲ್’ ಎಂದು ಮಾರಿದರು. ಇನ್ನೊಬ್ಬರು ನೋಡಿ ‘ಇದು ಲ್ಯಾಟಿನ್’ ಎಂದರು. ಯಾರು ಸರಿ?

ಉತ್ತರ: ನಾಣ್ಯ ನೋಡದೆ ತೀರ್ಪು ಕೊಡಲಾಗದು. ಆದರೆ ನೀವೇ ನಿರ್ಧರಿಸಬಹುದು. ಕೇಳಿಕೊಳ್ಳಬೇಕಾದ್ದು ಒಂದೇ: ಚಿತ್ರ ಕತ್ತರಿಸಿಹೋಗಿದೆಯೋ, ಇಲ್ಲಾ ಚಿತ್ರವೇ ಸಣ್ಣದೋ?

ಕತ್ತರಿಸಿದ ನಾಣ್ಯದಲ್ಲಿ ಆಕೃತಿ ದೊಡ್ಡದು, ಜಾಗ ಸಣ್ಣದು. ಚಕ್ರವರ್ತಿಯ ಪಾದ ಇಲ್ಲ, ಕಿರೀಟದ ತುದಿ ಇಲ್ಲ, ಅಂಚಿನ ಚುಕ್ಕಿಸಾಲಂತೂ ಇಲ್ಲವೇ ಇಲ್ಲ. ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಕತ್ತರಿ ಆಡಿದ ಚಪ್ಪಟೆ ಮುಖಗಳು ಒಂದರ ಪಕ್ಕ ಒಂದು ಕಾಣುತ್ತವೆ. ಇದನ್ನು ಕಳ್ಳರಷ್ಟೇ ಮಾಡಿದರೆಂದು ತಿಳಿಯಬೇಡಿ. 12ನೇ ಶತಮಾನದ ಕೊನೆಯ ಎಷ್ಟೋ ಟ್ರೇಕಿಗಳನ್ನು ಒಂದೇ ಅಳತೆಗೆ, ಬಹಳ ನೀಟಾಗಿ ಕತ್ತರಿಸಲಾಗಿದೆ.

ಪಾದದಿಂದ ಕಿರೀಟದವರೆಗೆ ಇಡೀ ಆಕೃತಿ ಆ 18 ಮಿಮೀ ಒಳಗೇ ಕೂತಿದ್ದು, ಅಲ್ಲಲ್ಲಿ ಚುಕ್ಕಿಸಾಲೂ ಕಂಡರೆ ಅಚ್ಚನ್ನೇ ಸಣ್ಣದಾಗಿ ಕೆತ್ತಿದ್ದಾರೆ. ಅದು ‘ಲ್ಯಾಟಿನ್ ಅನುಕರಣೆ, ಸಣ್ಣ ಅಳತೆ’ ಎನ್ನುವ ಗುಂಪು. 1204ರಲ್ಲಿ ನಾಲ್ಕನೇ ಧರ್ಮಯುದ್ಧದ ಪಡೆಗಳು ಕಾನ್‌ಸ್ಟಾಂಟಿನೋಪಲ್ ಹಿಡಿದು ಅಲ್ಲಿ ಲ್ಯಾಟಿನ್ ಅರಸರನ್ನು ಕೂರಿಸಿದವು. ಹೊಸಬರು ತಮ್ಮ ಹೆಸರಿನಲ್ಲಿ ನಾಣ್ಯ ಹೊಡೆಸದೆ, ಜನ ನಂಬಿದ್ದ ಹಳೆಯ ಮಾದರಿಗಳನ್ನೇ ಮುಂದುವರಿಸಿದರು. ಹಾಗಾಗಿ ಮ್ಯಾನುಯೆಲ್ ಸತ್ತು ಮೂವತ್ತು ವರ್ಷದ ಮೇಲೂ ಮ್ಯಾನುಯೆಲ್ಲನ ಚಿತ್ರದ ನಾಣ್ಯ ಬರುತ್ತಿತ್ತು. ದೊಡ್ಡ ಅಳತೆಯ ಲ್ಯಾಟಿನ್ ಅನುಕರಣೆಗಳೂ, ‘ಬಲ್ಗೇರಿಯನ್ ಅನುಕರಣೆ’ ಎಂದು ಕರೆಯುವ ಇನ್ನೊಂದು ಗುಂಪೂ ಇವೆ. ಇವನ್ನು ಯಾರು, ಎಲ್ಲಿ ಹೊಡೆಸಿದರೆಂಬ ವಾದ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ನಿಮ್ಮ ಚೀಟಿಯಲ್ಲಿ ‘ಲ್ಯಾಟಿನ್ ಅನುಕರಣೆ ಎಂಬ ಗುಂಪು’ ಎಂದು ಬರೆದರೆ ಸಾಕು. ಅರಸನ ಹೆಸರು ಬರೆಯಬೇಡಿ.

ಪ್ರಶ್ನೆ: ನಾಣ್ಯದ ಮೇಲೆ ಕ್ರಿಸ್ತನಿಗೆ ಎರಡು ಮುಖ ಇದ್ದಂತಿದೆ, ನಡುವೆ ಅಡ್ಡಗೆರೆ. ಇದು ದೋಷವೇ, ನಕಲಿಯೇ?

ಉತ್ತರ: ಎರಡೂ ಅಲ್ಲ. ಬಾಗಿದ ಬಿಲ್ಲೆಗೆ ಬಾಗಿದ ಅಚ್ಚಿನಿಂದ ಹೊಡೆದಾಗ ಒಂದೇ ಏಟಿಗೆ ಇಡೀ ಮೈ ತಾಗುವುದಿಲ್ಲ. ಮೇಲಿನ ಅಚ್ಚನ್ನು ಒಂದು ಬದಿಗೆ ವಾಲಿಸಿ ಒಂದು ಏಟು, ಇನ್ನೊಂದು ಬದಿಗೆ ವಾಲಿಸಿ ಇನ್ನೊಂದು. ಎರಡರ ನಡುವೆ ಅಚ್ಚು ಕೂದಲೆಳೆಯಷ್ಟು ಸರಿದರೂ ಎಡಗಣ್ಣು ಒಂದು ಏಟಿನದು, ಬಲಗಣ್ಣು ಇನ್ನೊಂದರದು. 13ನೇ ಶತಮಾನದ ಕೆಲವು ನಾಣ್ಯಗಳಲ್ಲಿ ಎರಡು ಅರ್ಧಕ್ಕೂ ಬೇರೆ ಬೇರೆ ಅಚ್ಚು ಬಳಸಿದ್ದನ್ನೂ ಗುರುತಿಸಿದ್ದಾರೆ. ಕುಳಿಯ ಬದಿ ಸಾಮಾನ್ಯವಾಗಿ ಇಷ್ಟು ಕೆಡುವುದಿಲ್ಲ, ಏಕೆಂದರೆ ಆ ಅಚ್ಚು ಕೆಳಗೆ ಅಲುಗದೆ ಕೂತಿರುತ್ತದೆ. ಬಟ್ಟಲಿನ ಆಕಾರವೇ ಏಕೆ ಎಂದು ಕೇಳಿದರೆ ಖಚಿತ ದಾಖಲೆಯಿಲ್ಲ. ಬೇರೆ ಬೇರೆ ಮಾಪಿನ ನಾಣ್ಯಗಳನ್ನು ಕೈಗೇ ಗುರುತು ಸಿಗುವಂತೆ ಮಾಡಿದರೆನ್ನುವುದು ನಮಗೆ ಒಪ್ಪಿಗೆಯಾಗುವ ವಿವರಣೆ.

ಪ್ರಶ್ನೆ: ಗ್ರೀಕ್ ಬಾರದವರು ಈ ಅಕ್ಷರಗಳನ್ನು ಓದುವುದು ಹೇಗೆ?

ಉತ್ತರ: ಕಲಿಯಬೇಕಾದ್ದು ಹತ್ತು ಹನ್ನೆರಡು ಗುರುತಷ್ಟೇ. ‘ಸ’ ಧ್ವನಿಯ ಸಿಗ್ಮಾ ಇಲ್ಲಿ ಇಂಗ್ಲಿಷಿನ ಸಿ ಆಕಾರದಲ್ಲಿರುತ್ತದೆ. ಹಾಗಾಗಿ ಪ್ರಭಾವಳಿಯ ಅಕ್ಕಪಕ್ಕ ಐ-ಸಿ, ಎಕ್ಸ್-ಸಿ ಎಂಬಂತೆ ಕಂಡರೆ ಅದು ‘ಇಯೇಸುಸ್ ಖ್ರಿಸ್ತೋಸ್’ನ ಮೊದಲ ಕೊನೆಯ ಅಕ್ಷರಗಳು. ಎಂ-ಪಿ ಎಂದು ಒಂದು ಬದಿ, ನಡುವೆ ಗೆರೆಯಿರುವ ವೃತ್ತ ಮತ್ತು ವಿ ಆಕಾರ ಇನ್ನೊಂದು ಬದಿ ಇದ್ದರೆ ಮರಿಯ, ‘ದೇವರ ತಾಯಿ’. ವೃತ್ತದೊಳಗೆ ಎ ಆಕಾರ ಕೂತಿದ್ದರೆ ‘ಸಂತ’ ಎಂಬುದರ ಸಂಕ್ಷೇಪ. ಅದರ ಕೆಳಗಿರುವುದು ಸಂತನ ಹೆಸರು. ತ್ರಿಕೋನದಿಂದ ಶುರುವಾಗುವ ಪದ ಬಹುಪಾಲು ‘ದೆಸ್ಪೊಟೀಸ್’, ಅಂದರೆ ಒಡೆಯ. ಅದು ಬಿರುದು, ಹೆಸರಲ್ಲ. ಹೆಸರು ಅದರ ಮುಂಚೆ ಇರುತ್ತದೆ. ಅಕ್ಷರಗಳು ಸುತ್ತಲೂ ಓಡದೆ, ಎಡಬಲ ಎರಡು ಕಂಬದಂತೆ ಮೇಲಿಂದ ಕೆಳಗೆ ಇಳಿಯುತ್ತವೆ. ‘ಬ’ ಧ್ವನಿಯ ಬೀಟಾ ಎಷ್ಟೋ ಕಡೆ ಆರ್‌ನಂತೆ ಕಾಣುತ್ತದೆ. ‘ಊ’ ಬೇಕಾದಲ್ಲಿ ಸೊನ್ನೆಯ ತಲೆಯ ಮೇಲೆ ವಿ ಕೂರಿಸುತ್ತಾರೆ. ಮ್ಯಾನುಯೆಲ್ ಹೆಸರಿನ ನಡುವೆ ಇದನ್ನು ನೋಡಬಹುದು.

ಒಂದು ಬಲೆ ಇದೆ. ‘ಅಲೆಕ್ಸಿಯೊ... ಕೊಮ್ನಿನೊ’ ಎಂದು ಓದಿ ಕೊಮ್ನೆನಸ್ ವಂಶದ 1ನೇ ಅಲೆಕ್ಸಿಯಸ್ ಎಂದು ಬರೆದುಬಿಡುತ್ತಾರೆ. ನಿಜದಲ್ಲಿ ಆ ಮನೆತನದ ಹೆಸರನ್ನು ನಾಣ್ಯದ ಮೇಲೆ ಹಾಕಿಸಿಕೊಂಡವನು ಆಂಜೆಲಸ್ ವಂಶದ 3ನೇ ಅಲೆಕ್ಸಿಯಸ್. ದೊಡ್ಡ ಮನೆತನದ ನಂಟು ತೋರಿಸಿಕೊಳ್ಳುವ ಅಗತ್ಯ ಇದ್ದದ್ದು ಅವನಿಗೆ. ಹಾಗೆಯೇ ‘ಇಯೊ’ ಎಂದು ಶುರುವಾಗುವ ಜಾನ್‌ಗಳಲ್ಲಿ ‘ಪೊರ್ಫಿರೊಗೆನ್ನಿಟೊಸ್’ ಎಂಬ ಉದ್ದ ಬಿರುದಿನ ತುಣುಕು ಕಂಡರೆ 2ನೇ ಜಾನ್ (1118–1143). ‘ದೂಕಾ’ ಎಂದಿದ್ದರೆ, 1204ರ ನಂತರ ಗ್ರೀಕ್ ಅರಸರು ನೆಲೆಯಾದ ನೈಸಿಯದ 3ನೇ ಜಾನ್ ವಟಾಟ್ಜೆಸ್ (1221–1254) ಇರಬಹುದು. ಅದೇ ಕಾಲದ ಥೆಸಲೋನಿಕದ ಅರಸರೂ ದೂಕಾ ಎನ್ನಿಸಿಕೊಂಡವರೇ, ಆದ್ದರಿಂದ ಚಿತ್ರವನ್ನೂ ತಾಳೆ ನೋಡಿ.

ಪ್ರಶ್ನೆ: 1204ರ ನಂತರ ಯಾವ ನಾಣ್ಯ ಎಲ್ಲಿಯದು ಎಂಬ ಗೊಂದಲ. ಸುಲಭದ ಗುರುತು ಇದೆಯೇ?

ಉತ್ತರ: 1204ರ ನಂತರ ಥೆಸಲೋನಿಕ, ನೈಸಿಯ, ಟ್ರೆಬಿಜೊಂಡ್ ಎಂಬ ಊರುಗಳಿಂದ ಬೇರೆ ಬೇರೆ ಗ್ರೀಕ್ ಅರಸರು ಆಳಿದರು. ಸಂತರನ್ನು ನೋಡಿ. ಊರಿಗೊಬ್ಬ ಸಂತ. ಕತ್ತಿ ಹಿಡಿದ ದೆಮೆತ್ರಿಯಸ್ ಥೆಸಲೋನಿಕದವನು. ಟ್ರಿಫೋನ್, ಜೊತೆಗೆ ಲಿಲ್ಲಿ ಹೂ, ನೈಸಿಯದವನು. ಅರಸ 2ನೇ ಥಿಯೊಡೋರನ (1254–1258) ನಾಣ್ಯಗಳಲ್ಲಿ ಈ ಸಂತ ಬರುತ್ತಾನೆ. ಯೂಜೆನಿಯಸ್ ಟ್ರೆಬಿಜೊಂಡಿನವನು. ಆದರೆ ಟ್ರೆಬಿಜೊಂಡಿನ ಬೆಳ್ಳಿ ಆಸ್ಪರ್‌ಗಳು ಚಪ್ಪಟೆ, ಸುಮಾರು 2.9 ಗ್ರಾಂನಿಂದ ಶುರುವಾಗಿ ಇಳಿಯುತ್ತ ಹೋಗುತ್ತವೆ. ಅರಸ ಮತ್ತು ಸಂತ ಇಬ್ಬರೂ ಕುದುರೆ ಏರಿದ್ದರೆ ಅದು 2ನೇ ಅಲೆಕ್ಸಿಯಸ್ (1297–1330) ಅಥವಾ ಅವನ ನಂತರದ್ದು. ಅರಸನಿಗೆ ರೆಕ್ಕೆ, ಅಥವಾ ನಾಣ್ಯದ ಮೈತುಂಬ ಒಂದೇ ದೊಡ್ಡ ರೆಕ್ಕೆ ಇದ್ದರೆ ಮೊದಲು ಥೆಸಲೋನಿಕದ ಪುಟ ತೆರೆಯಿರಿ. ಪ್ಯಾಲಿಯೊಲೊಗಸ್ ವಂಶದ ಕಾಲದ (1261ರಿಂದ 1453ರವರೆಗಿನ) ಟ್ರೇಕಿಗಳು ತೆಳ್ಳಗೆ, ಒರಟು. ಅರ್ಧಕ್ಕರ್ಧ ಚಿತ್ರ ಬಿದ್ದೇ ಇರುವುದಿಲ್ಲ. ಹತ್ತರಲ್ಲಿ ಮೂರನ್ನು ಗುರುತಿಸಿದರೂ ಒಳ್ಳೆಯ ಲೆಕ್ಕವೇ.

ಪ್ರಶ್ನೆ: ಚಪ್ಪಟೆಯಾದ ದಪ್ಪ ತಾಮ್ರದ ನಾಣ್ಯ. ಮುಂದೆ ಕ್ರಿಸ್ತ, ಹಿಂದೆ ನಾಲ್ಕು ಸಾಲು ಬರಹ, ಅರಸನೇ ಇಲ್ಲ. ಇದೂ ಕೊನೆಯ ಕಾಲದ್ದೇ?

ಉತ್ತರ: ಅಲ್ಲ, ಅದರ ಹಿಂದಿನದು. ‘ಹೆಸರಿಲ್ಲದ ಫಾಲಿಸ್’ ಎನ್ನುತ್ತಾರೆ. ಸುಮಾರು 970ರಿಂದ 1092ರವರೆಗೆ ಬಂದವು, ನಾಲ್ಕು ಸಾಲಿನ ಬರಹದ್ದು ‘ಎ’ ವರ್ಗ. ಅದರಲ್ಲಿ ‘ಇಯೇಸು ಕ್ರಿಸ್ತ, ರಾಜಾಧಿರಾಜ’ ಎಂದಿದೆ. ಹಳೆಯದರ ಮೇಲೇ ಹೊಸ ಅಚ್ಚು ಹೊಡೆದಿರುವುದು ಇವುಗಳಲ್ಲಿ ಮಾಮೂಲು, ಅಡಿಯಿಂದ ಹಳೆಯ ಚಿತ್ರ ಇಣುಕುತ್ತಿದ್ದರೆ ಗಾಬರಿಯಾಗಬೇಡಿ. 1092ರ ನಂತರದ ಚಪ್ಪಟೆ ತಾಮ್ರ ಎಂದರೆ ಟೆಟಾರ್ಟೆರಾನ್: ಸುಮಾರು 20 ಮಿಮೀ, 4 ಗ್ರಾಂ ಹತ್ತಿರ. ಅದರ ಅರ್ಧದ್ದು 2 ಗ್ರಾಂ. ಮ್ಯಾನುಯೆಲ್ಲನದು, ಗುಂಗುರು ಕೂದಲಿನ, ಗಡ್ಡವಿಲ್ಲದ ಸಂತ ಜಾರ್ಜ್ ಇರುವುದು ಸುಲಭಕ್ಕೆ ಸಿಗುತ್ತದೆ. ಹೊಸಬರಿಗೆ ಒಳ್ಳೆಯ ಆರಂಭ.

ಪ್ರಶ್ನೆ: ಚಿನ್ನದ ಹೈಪರ್‌ಪೈರಾನ್ ಕೊಳ್ಳುವ ಯೋಚನೆ. ಬಣ್ಣ ಪೇಲವವಾಗಿದೆ, ಹಾಗಿದ್ದರೆ ನಕಲಿಯೇ? ಗೀರದೆ ಪರೀಕ್ಷಿಸುವುದು ಹೇಗೆ?

ಉತ್ತರ: ಬಣ್ಣ ಯಾರ ಕಾಲದ್ದು ಎನ್ನುವುದರ ಮೇಲಿದೆ. 1092ರಲ್ಲಿ ಅಲೆಕ್ಸಿಯಸ್ ಹೊರತಂದಾಗ ಹೈಪರ್‌ಪೈರಾನ್ ಸುಮಾರು 20.5 ಕ್ಯಾರೆಟ್, 4.3ರಿಂದ 4.4 ಗ್ರಾಂ. 8ನೇ ಮೈಕೇಲ್ ಪ್ಯಾಲಿಯೊಲೊಗಸ್ 1261ರಲ್ಲಿ ರಾಜಧಾನಿಯನ್ನು ಮರಳಿ ಪಡೆದ ಮೇಲೆ 15 ಕ್ಯಾರೆಟ್ ಆಯಿತು. 2ನೇ ಆಂಡ್ರೊನಿಕಸ್ (1282–1328) ಕಾಲದಲ್ಲಿ 14, ಆಮೇಲೆ 12ರ ಸುತ್ತ. 14ನೇ ಶತಮಾನದ ನಡುವಿಗೆ ಚಿನ್ನವೇ ನಿಂತುಹೋಯಿತು. ಆದ್ದರಿಂದ ಕೊಮ್ನೆನಸ್ ನಾಣ್ಯ ಪೇಲವವಾಗಿದ್ದರೆ ಅನುಮಾನಿಸಿ. ಆಂಡ್ರೊನಿಕಸ್‌ನದು ಹೊಳೆಯುವ ಹಳದಿಯಾಗಿದ್ದರೂ ಅಷ್ಟೇ ಅನುಮಾನಿಸಿ. ಪ್ಯಾಲಿಯೊಲೊಗಸ್ ಕಾಲದ ಗುರುತೂ ಸುಲಭ: ಕೋಟೆಯ ಗೋಡೆಯ ಉಂಗುರದ ನಡುವೆ ಕೈಯೆತ್ತಿ ಪ್ರಾರ್ಥಿಸುವ ಮರಿಯ, ಇನ್ನೊಂದು ಬದಿ ಕ್ರಿಸ್ತನ ಮುಂದೆ ಮೊಣಕಾಲೂರಿದ ಚಕ್ರವರ್ತಿ. ಮೈಕೇಲನ ನಾಣ್ಯದಲ್ಲಿ ಗೋಪುರದ ಗುಂಪು ಆರು, ಮುಂದೆ ನಾಲ್ಕೂ ಇರುತ್ತವೆ.

ಗೀರದೆ ನೋಡಲು ಸಾಂದ್ರತೆ ಅಳೆಯಿರಿ. 0.001 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಕಾರಣ ಆಮೇಲೆ ಹೇಳುತ್ತೇವೆ. ಮೊದಲು ನಾಣ್ಯವನ್ನು ಒಣಗಿರುವಾಗಲೇ ತೂಗಿ. ಆಮೇಲೆ ಸಣ್ಣ ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ತೆಳ್ಳನೆಯ ನೈಲಾನ್ ಎಳೆಯಲ್ಲಿ ನಾಣ್ಯವನ್ನು ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ತೂಗುಬಿಡಿ. ಎಳೆಯನ್ನು ಕೈಯಲ್ಲಿ ಹಿಡಿಯಬೇಡಿ, ಒಂದು ಸ್ಟ್ಯಾಂಡಿಗೆ ಕಟ್ಟಿ. ಈಗ ತೋರುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ.

ಉದಾಹರಣೆಗೆ ಒಣ ತೂಕ 4.350, ನೀರಿನ ಅಂಕಿ 0.255. ಭಾಗಿಸಿದರೆ 17.06. ಚಿನ್ನದ ಸಾಂದ್ರತೆ 19.3, ಬೆಳ್ಳಿ 10.5, ತಾಮ್ರ 8.96. ಇವನ್ನಿಟ್ಟು ಲೆಕ್ಕ ಹಾಕಿದರೆ 20.5 ಕ್ಯಾರೆಟ್ ನಾಣ್ಯ 16.8ರಿಂದ 17.2ರ ನಡುವೆ ಬರಬೇಕು. ಅಂದರೆ ಇದು ಸರಿ. ಅರ್ಧ ಚಿನ್ನ ಅರ್ಧ ಬೆಳ್ಳಿಯಾದರೆ 13.6. ಇನ್ನು ತಕ್ಕಡಿಯ ಮಾತು. 0.01 ಗ್ರಾಂ ತಕ್ಕಡಿಯಲ್ಲಿ 0.255 ಎನ್ನುವುದು 0.25 ಆಗಬಹುದು, 0.26 ಆಗಬಹುದು. ಉತ್ತರ 17.4 ಅಥವಾ 16.7 ಎಂದು ಹೊಯ್ದಾಡುತ್ತದೆ.

ಬಟ್ಟಲು ನಾಣ್ಯದಲ್ಲಿ ಎಲ್ಲರೂ ಎಡವುವುದು ಗಾಳಿಗುಳ್ಳೆಯಲ್ಲಿ. ಕುಳಿ ಕೆಳಮುಖವಾಗಿ ಇಳಿಸಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಅಸಲಿ ನಾಣ್ಯವೂ 14 ತೋರಿಸುತ್ತದೆ. ಅಂಚು ಮೊದಲು ನೀರಿಗೆ ತಾಗುವಂತೆ ಓರೆಯಾಗಿ ಇಳಿಸಿ. ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಮೂರು ಸಲ ಅಳೆದು ಮೂರೂ ಹತ್ತಿರ ಬಂದರೆ ಮಾತ್ರ ನಂಬಿ.

ಇಷ್ಟಾದರೂ ಗೊತ್ತಾಗುವುದು ಲೋಹ ಮಾತ್ರ. ಒಳ್ಳೆಯ ನಕಲಿಗಳನ್ನು ಸರಿಯಾದ ಮಾಪಿನ ಚಿನ್ನದಲ್ಲೇ ಒತ್ತುತ್ತಾರೆ. ಆಗ ನೋಡಬೇಕಾದ್ದು ಮೈ ಮತ್ತು ಅಂಚು. ಅಸಲಿಯ ಅಂಚಿನಲ್ಲಿ ಸಣ್ಣ ಬಿರುಕು ಇರುವುದು ಸಹಜ. ಲೋಹ ಏಟಿಗೆ ಹರಡುವಾಗ ಸೀಳಿದ ಗುರುತು ಅದು. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಕೂಡುಗೆರೆ, ಅಕ್ಷರದ ಬುಡದಲ್ಲಿ ಪುಟ್ಟ ಗುಂಡು ಅಥವಾ ರಂಧ್ರ, ಸೋಪಿನಂತೆ ನುಣುಪಾದ ಮೈ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಇದು: ಹಳೆಯ ಹರಾಜುಗಳ ಚಿತ್ರ ಹುಡುಕಿದಾಗ ನಿಮ್ಮ ನಾಣ್ಯದ ಅಚ್ಚಿನದೇ ಇನ್ನೊಂದು ಸಿಕ್ಕರೆ ಸಂತೋಷ. ಅದೇ ಅಂಚಿನ ಬಿರುಕು, ಅದೇ ಗೀರು ಇರುವ ಇನ್ನೊಂದು ಸಿಕ್ಕರೆ ಎರಡರಲ್ಲಿ ಒಂದಾದರೂ ನಕಲಿ.

ಪ್ರಶ್ನೆ: ವೆನಿಸ್ಸಿನ ಬೆಳ್ಳಿ ಗ್ರೊಸ್ಸೊ ಎಂದು ತಿಳಿದುಕೊಂಡದ್ದನ್ನು ಒಬ್ಬರು ಬೈಜಾಂಟೈನ್ ಎಂದರು. ಇಷ್ಟು ಹೋಲುತ್ತವೆಯೇ?

ಉತ್ತರ: ಹೋಲಲೆಂದೇ ಮಾಡಿದ್ದು. 14ನೇ ಶತಮಾನದ ಆರಂಭದಲ್ಲಿ 2ನೇ ಆಂಡ್ರೊನಿಕಸ್ ವೆನಿಸ್ಸಿನ ನಾಣ್ಯದ ಅಳತೆಗೇ ಬೆಸಿಲಿಕಾನ್ ಎಂಬ ಬೆಳ್ಳಿ ನಾಣ್ಯ ತಂದ. ಚಪ್ಪಟೆ, ಹತ್ತಿರ ಹತ್ತಿರ 2.2 ಗ್ರಾಂ, ಹೈಪರ್‌ಪೈರಾನ್‌ಗೆ ಹನ್ನೆರಡು. ಎರಡರಲ್ಲೂ ಒಂದು ಬದಿ ಕೂತ ಕ್ರಿಸ್ತ, ಇನ್ನೊಂದು ಬದಿ ನಿಂತ ಇಬ್ಬರು. ವೆನಿಸ್ಸಿನದರಲ್ಲಿ ಸಂತ ಮಾರ್ಕ್ ಡೋಜೆಗೆ, ಅಂದರೆ ವೆನಿಸ್ಸಿನ ಆಡಳಿತಗಾರನಿಗೆ, ಬಾವುಟ ಕೊಡುತ್ತಾನೆ, ಕೋಲಿನ ಪಕ್ಕ ಡಿ-ಯು-ಎಕ್ಸ್ ಅಕ್ಷರಗಳು ಉದ್ದಕ್ಕೆ ಇಳಿಯುತ್ತವೆ. ಬೆಸಿಲಿಕಾನ್‌ನಲ್ಲಿ ಕಿರೀಟ ತೊಟ್ಟ ತಂದೆ ಮಗ ಇಬ್ಬರೂ ಉದ್ದನೆಯ ಶಿಲುಬೆ ಹಿಡಿದಿದ್ದಾರೆ, ಕ್ರಿಸ್ತನ ಸುತ್ತ ‘ಕಿರಿಯೆ ವೊಯಿಥಿ’, ‘ಪ್ರಭುವೇ, ಕಾಪಾಡು’ ಎಂಬ ಬರಹ. ಕೋಲಿನ ತುದಿ ನೋಡಿ. ಬಾವುಟವೋ, ಶಿಲುಬೆಯೋ? ಅಷ್ಟೇ.

ಅದರ ನಂತರದ ದೊಡ್ಡ ಬೆಳ್ಳಿ ಸ್ಟಾವ್ರಟಾನ್. 5ನೇ ಜಾನ್ 1367ರಲ್ಲಿ ತಂದದ್ದು. ಆರಂಭದಲ್ಲಿ 8.5 ಗ್ರಾಂ, ಹೋಗಹೋಗುತ್ತ 7ಕ್ಕೆ ಇಳಿಯಿತು. ಅರ್ಧ ಮತ್ತು ಎಂಟನೇ ಒಂದು ಭಾಗದವೂ ಇವೆ. ಹಿಮ್ಮುಖದಲ್ಲಿ ಅರಸನ ಸುತ್ತ ಬರಹ ಎರಡು ಸುತ್ತು. ಕೊನೆಯ ಚಕ್ರವರ್ತಿ 11ನೇ ಕಾನ್‌ಸ್ಟಂಟೈನ್ (1449–1453) ಹೆಸರಿನ ಸಣ್ಣ ಬೆಳ್ಳಿ ತೋರಿಸಿ ಯಾರಾದರೂ ದೊಡ್ಡ ಬೆಲೆ ಹೇಳಿದರೆ, ಅಕ್ಷರದಲ್ಲಿ ಹೆಸರು ಸ್ಪಷ್ಟವಾಗಿ ಓದಲು ಬರುತ್ತದೆಯೇ, ಹಿಂದೆ ಯಾವ ಸಂಗ್ರಹದಲ್ಲಿತ್ತು ಎಂಬ ಕಾಗದ ಇದೆಯೇ ಎಂದು ಕೇಳಿ. ಮುಖ ನೋಡಿ 8ನೇ ಜಾನನಿಂದ (1425–1448) ಬೇರ್ಪಡಿಸಲು ಆಗುವುದಿಲ್ಲ. ಕಾಗದ ಇಲ್ಲದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಟ್ರೇಕಿಯನ್ನು ನಿಂಬೆರಸದಲ್ಲಿ ನೆನೆಸಿದೆ. ಕೆಂಪಗಾಯಿತು, ಚಿತ್ರ ಮಾಸಿತು. ಇನ್ನೊಂದರ ಮೇಲೆ ತಿಳಿಹಸಿರು ಪುಡಿ ಬರುತ್ತಿದೆ. ಏನು ಮಾಡಲಿ?

ಉತ್ತರ: ಮೊದಲನೆಯದಕ್ಕೆ ಮದ್ದಿಲ್ಲ. ಬಿಲ್ಲನ್‌ನಲ್ಲಿ ಬೆಳ್ಳಿ ಬಹಳ ಕಡಿಮೆ. ಅಲೆಕ್ಸಿಯಸ್ ಕಾಲದಲ್ಲೇ ನೂರಕ್ಕೆ ಆರೇಳು ಪಾಲು, ಮುಂದೆ ಎರಡು ಮೂರು. ಮೊದಲು 48 ಟ್ರೇಕಿಗೆ ಒಂದು ಹೈಪರ್‌ಪೈರಾನ್ ಇದ್ದದ್ದು 1190ಕ್ಕೆ 120, 1199ಕ್ಕೆ 184 ಆದದ್ದು ಇದಕ್ಕೇ. ಇರುವ ಬೆಳ್ಳಿಯೂ ಮೈಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ನವಿರು ಗೆರೆಗಳು ಉಳಿದಿರುವುದು ಆ ಪದರದಲ್ಲೇ. ಹುಳಿ ಅದರ ಕೆಳಗಿನ ತಾಮ್ರವನ್ನು ತಿನ್ನುತ್ತದೆ, ಪದರ ಉದುರುತ್ತದೆ. ನೀವು ಕಂಡ ಕೆಂಪು ಬರಿ ತಾಮ್ರ.

ಬಿಲ್ಲನ್‌ಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ನೀರು ದಿನಾ ಬದಲಿಸುತ್ತ ಒಂದು ವಾರ ನೆನೆಸಿ, ಮೆತ್ತಗಾದ ಮಣ್ಣನ್ನು ಮರದ ಹಲ್ಲುಕಡ್ಡಿಯ ತುದಿಯಿಂದ ಭೂತಗನ್ನಡಿಯ ಕೆಳಗೆ ಬಿಡಿಸಿ. ಕಡ್ಡಿಯನ್ನು ಉಜ್ಜಬೇಡಿ, ಉರುಳಿಸಿ. ನಾಣ್ಯವನ್ನು ಬೆರಳುಗಳ ನಡುವೆ ಒತ್ತಿ ಹಿಡಿಯಬೇಡಿ. ಶತಮಾನಗಳ ತುಕ್ಕಿನಿಂದ ಲೋಹ ಬಿರುಸಾಗಿರುತ್ತದೆ, ಬಟ್ಟಲು ಪಟ್ಟನೆ ಎರಡಾಗುತ್ತದೆ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಇಡುವ ಹಳೆಯ ಸಲಹೆಯನ್ನೂ ನಾವು ಒಪ್ಪುವುದಿಲ್ಲ. ಎಣ್ಣೆಯಲ್ಲೂ ಹುಳಿಯ ಅಂಶ ಇದೆ.

ಎರಡನೆಯದು ಕಿಲುಬಿನ ರೋಗವಿರಬಹುದು. ಎಲ್ಲ ಹಸಿರೂ ರೋಗವಲ್ಲ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ಹಸಿರು ನಾಣ್ಯದ ರಕ್ಷೆ, ಅದನ್ನು ಮುಟ್ಟಬೇಡಿ. ತಿಳಿಯಾಗಿ, ಸೂಜಿ ತಾಗಿದರೆ ಪುಡಿಯಾಗಿ ಉದುರುವುದು ರೋಗ. ಅನುಮಾನವಿದ್ದರೆ ಪುಡಿ ತೆಗೆದು, ಮುಚ್ಚಳದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಪಕ್ಕ (ತಾಗದಂತೆ) ಎರಡು ದಿನ ಇಡಿ. ಅದೇ ಜಾಗದಲ್ಲಿ ಮತ್ತೆ ಪುಡಿ ಬಂದರೆ ಖಚಿತ. ಲೋಹದೊಳಗೆ ಉಳಿದ ಕ್ಲೋರೈಡು ತೇವ ಸಿಕ್ಕಾಗಲೆಲ್ಲ ತಾಮ್ರವನ್ನು ತಿನ್ನುವುದೇ ಇದಕ್ಕೆ ಕಾರಣ. ಮೊದಲು ಅದನ್ನು ಉಳಿದ ನಾಣ್ಯಗಳಿಂದ ಬೇರೆಯಿಡಿ.

ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 22 ಗ್ರಾಂ ಅಡುಗೆ ಸೋಡಾ (ಸೋಡಿಯಂ ಬೈಕಾರ್ಬೊನೇಟ್), 28 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಕಾರ್ಬೊನೇಟ್ ಕರಗಿಸಿದರೆ ಐದು ಪರ್ಸೆಂಟಿನ ಸೆಸ್ಕ್ವಿಕಾರ್ಬೊನೇಟ್ ದ್ರಾವಣ ಆಗುತ್ತದೆ. ಪುಡಿಯನ್ನೆಲ್ಲ ಒಣಗಿರುವಾಗಲೇ ತೆಗೆದು ನಾಣ್ಯವನ್ನು ಅದರಲ್ಲಿ ಮುಳುಗಿಸಿ. ವಾರಕ್ಕೊಮ್ಮೆ ದ್ರಾವಣ ಬದಲಿಸಿ. ಎರಡು ಮೂರು ತಿಂಗಳೂ ಹಿಡಿಯಬಹುದು. ಮೈಮೇಲೆ ನೀಲಿ ಛಾಯೆ ಬಂದರೆ ಅದು ಈ ದ್ರಾವಣದ್ದೇ ಅಡ್ಡಪರಿಣಾಮ, ಹೆಚ್ಚಾದರೆ ನಿಲ್ಲಿಸಿ. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಹಲವು ಸಲ ತೊಳೆದು, ಅಸಿಟೋನ್‌ನಲ್ಲಿ ಅದ್ದಿ ಒಣಗಿಸಿ (ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ), ಮೈಕ್ರೊಕ್ರಿಸ್ಟಲೈನ್ ವ್ಯಾಕ್ಸ್ ತೆಳುವಾಗಿ ಸವರಿ. ಪೂರ್ತಿ ವಾಸಿಯಾಯಿತೆಂದು ಹೇಳಲಾಗದು. ವರ್ಷಕ್ಕೆರಡು ಸಲ ತೆಗೆದು ನೋಡುತ್ತಿರಬೇಕು.

ಪ್ರಶ್ನೆ: ಬಟ್ಟಲು ನಾಣ್ಯಗಳನ್ನು ರಟ್ಟಿನ ಹೋಲ್ಡರ್‌ನಲ್ಲಿ ಸ್ಟೇಪಲ್ ಮಾಡಬಹುದೇ?

ಉತ್ತರ: ಬೇಡ. ಒತ್ತಡಕ್ಕೆ ಬಿರುಕು ಬಿಡುತ್ತವೆ. ನಾಣ್ಯದ ಆಕಾರಕ್ಕೆ ಕೊರೆದ ಫೋಮ್ ತಟ್ಟೆಯಲ್ಲಿ, ಅಥವಾ ಆಳವಿರುವ ಗಟ್ಟಿ ಡಬ್ಬಿಯಲ್ಲಿ ಉಬ್ಬು ಮೇಲಾಗಿ ಇಡಿ. ಮೆತ್ತನೆಯ ಪಿವಿಸಿ ಚೀಲ ದೂರವಿರಲಿ. ಅದು ಕಾಲ ಕಳೆದಂತೆ ಆಮ್ಲ ಬಿಟ್ಟು ಅಂಟಂಟು ಹಸಿರು ಕೂರಿಸುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯದು ಆಗಬಹುದು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ತೇವಾಂಶ 40 ಪರ್ಸೆಂಟಿನ ಕೆಳಗಿರಲಿ.

ಪ್ರಶ್ನೆ: ಇಸ್ತಾಂಬುಲ್‌ಗೆ ಹೋಗುವವನಿದ್ದೇನೆ. ಅಲ್ಲಿಂದಲೇ ಒಂದೆರಡು ತರಬಹುದೇ?

ಉತ್ತರ: ತರಬೇಡಿ. ತುರ್ಕಿಯ 1983ರ 2863ನೇ ಕಾನೂನಿನ ಪ್ರಕಾರ ಪುರಾತನ ನಾಣ್ಯಗಳನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ. ಬೀದಿಯಲ್ಲಿ ಸಿಕ್ಕಿತು, ಬೆಲೆ ಕಡಿಮೆ ಎನ್ನುವುದು ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಗ್ರೀಸಿನಲ್ಲಿ 2002ರ 3028ನೇ ಕಾನೂನೂ ಹೀಗೇ ಬಿಗಿ. ಇಸ್ತಾಂಬುಲ್‌ನಲ್ಲಿ ನೋಡಲು ಪುರಾತತ್ವ ಮ್ಯೂಸಿಯಂ ಇದೆ. ಕೊಳ್ಳುವುದಾದರೆ ಹಿಂದಿನ ಒಡೆತನದ ಕಾಗದ ಕೊಡುವ ಹರಾಜಿನಲ್ಲೇ ಕೊಳ್ಳಿ.

ಪ್ರಶ್ನೆ: ನಾಣ್ಯದ ಜೊತೆಗಿಡುವ ಚೀಟಿಯಲ್ಲಿ ಏನೇನು ಬರೆಯಬೇಕು?

ಉತ್ತರ: ತೂಕ, ಅಗಲ, ಎರಡೂ ಬದಿಯಲ್ಲಿ ನಿಮ್ಮ ಕಣ್ಣಿಗೆ ನಿಜವಾಗಿ ಕಂಡದ್ದು, ಸಿಯರ್ ಸಂಖ್ಯೆ, ಯಾರಿಂದ ಯಾವಾಗ ಬಂತು. ಊಹೆಯಾದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಪೆನ್ಸಿಲಿನಲ್ಲಿ ಬರೆಯಿರಿ, ಅರಸನ ಹೆಸರು ಮುಂದೆ ಬದಲಾಗಬಹುದು. ಶುಚಿ ಮಾಡಿದ ಮೇಲೆ ಮತ್ತೆ ತೂಗಿ, ಹೊಸ ಅಂಕಿಯನ್ನು ಹಳೆಯದರ ಕೆಳಗೆ ಬರೆಯಿರಿ. ಹಳೆಯದನ್ನು ಹೊಡೆದುಹಾಕಬೇಡಿ.